ಬಿಸಿಲಿನಿಂದ ಬಚ್ಚಲಿಗೆ ಬಿಸಿನೀರು

ಬೇಸಗೆಯ ಮಧ್ಯಾಹ್ನ ಅಂಗಳದಲ್ಲಿ ಮರೆತುಬಿಟ್ಟ ಹಿತ್ತಾಳೆಯ ಕೊಡವನ್ನು ಮುಟ್ಟಿ ಕೈ ಹಿಂತೆಗೆಯದವರು ಯಾರಿದ್ದಾರೆ? ತಾರಸಿಯ ಮೇಲೆ ಹಾದು ಬಂದ ಕೊಳವೆಯ ನಲ್ಲಿಯನ್ನು ತಿರುಗಿಸಿದರೆ ಮೊದಲ ಒಂದೆರಡು ಚೊಂಬು ನೀರು ಸ್ನಾನಕ್ಕೆ ಆಗುವಷ್ಟು ಬಿಸಿಯಾಗಿರುವುದು. ಸೂರ್ಯನು ನೀರನ್ನು ಕಾಯಿಸಬಲ್ಲನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ. ಹೀಗಿದ್ದರೂ ನಮ್ಮ ನಾಡಿನ ಅನೇಕ ಮನೆಗಳಲ್ಲಿ ಇಂದಿಗೂ ಯಾರಾದರೊಬ್ಬರು ಬೆಳಗಿನ ಜಾವದಲ್ಲಿ ಎದ್ದು ಬಚ್ಚಲ ಒಲೆಗೆ ಉರಿ ಹಾಕಬೇಕು. ಹಗಲೆಲ್ಲ ಸುರಿದ ಬಿಸಿಲು ಬೆಳಗಾಗುವ ಹೊತ್ತಿಗೆ ಎಲ್ಲಿ ಹೋಗುತ್ತದೆ?

ನಮ್ಮ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಓದುತ್ತಿದ್ದ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಹಂಡೆಗೆ ಉರಿ ಹಾಕುವ ಕೆಲಸ ಅವನ ಅಜ್ಜಿಯದಾಗಿತ್ತು. ಹಸಿ ಸೌದೆಯ ಹೊಗೆಯಿಂದ ಆಕೆಯ ಕೆಮ್ಮು ಹೆಚ್ಚಾಗಿ, ಇನ್ನು ಒಲೆಯ ಮುಂದೆ ಕೂರಬಾರದೆಂದು ವೈದ್ಯರು ಹೇಳಿದ್ದರು. ಕೊಂಡು ತರುವ ಸೌರ ಹೀಟರಿನ ಬೆಲೆ ಆ ಮನೆಗೆ ಎಟುಕುವಂತಿರಲಿಲ್ಲ. “ಸಾರ್, ನಾವೇ ಮಾಡಿಕೊಳ್ಳಲು ಆಗುವುದಿಲ್ಲವೆ?” ಎಂದು ಅವನು ಒಂದು ದಿನ ಕೇಳಿದನು. ಆಗುತ್ತದೆ ಎಂದು ಉತ್ತರ ಕೊಟ್ಟೆವು. ಎಷ್ಟು ಸುಲಭವಾಗಿ ಉತ್ತರ ಕೊಟ್ಟೆವೋ ಅಷ್ಟು ಸುಲಭವಾಗಿ ಕೆಲಸ ಮುಗಿಯಲಿಲ್ಲ. ಆ ಪ್ರಯತ್ನದಲ್ಲಿ ನಾವು ಕಲಿತುದನ್ನೂ ಎಡವಿದುದನ್ನೂ ಈ ಲೇಖನದಲ್ಲಿ ಹೇಳಬಯಸುತ್ತೇವೆ.

ಎಷ್ಟು ಶಾಖ ಬೇಕು, ಎಷ್ಟು ದೊರೆಯುತ್ತದೆ?

ಯಾವ ಉಪಕರಣವನ್ನು ಕಟ್ಟುವ ಮುನ್ನವೂ ಲೆಕ್ಕ ಹಾಕುವುದು ಒಳ್ಳೆಯದು. ಒಂದು ಲೀಟರು ನೀರಿನ ಉಷ್ಣತೆಯನ್ನು 1 ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಾಖ 1 ಕಿಲೋಕ್ಯಾಲೊರಿ. ಒಂದು ಸಂಸಾರಕ್ಕೆ 100 ಲೀಟರು ನೀರನ್ನು 25 ಡಿಗ್ರಿಯಿಂದ 55 ಡಿಗ್ರಿಯವರೆಗೆ ಕಾಯಿಸಬೇಕಾದರೆ 100 ಗುಣಿಸು 30, ಎಂದರೆ 3000 ಕಿಲೋಕ್ಯಾಲೊರಿ ಬೇಕು. ವಿದ್ಯುತ್ತಿನ ಒಂದು ಯೂನಿಟ್ಟು 860 ಕಿಲೋಕ್ಯಾಲೊರಿಗೆ ಸಮ. ಆದುದರಿಂದ ಈ ನೀರಿಗೆ ಬೇಕಾದುದು ಸುಮಾರು ಮೂರೂವರೆ ಯೂನಿಟ್ಟು. ಸೌದೆಯ ಲೆಕ್ಕದಲ್ಲಿ ನೋಡಿದರೆ, ಒಂದು ಕಿಲೋಗ್ರಾಂ ಒಣ ಸೌದೆ ಸುಮಾರು 3500 ಕಿಲೋಕ್ಯಾಲೊರಿ ಶಾಖವನ್ನು ಕೊಡುತ್ತದೆ. ಇದರಲ್ಲಿ ಐದನೆಯ ಒಂದು ಪಾಲು ಮಾತ್ರ ನೀರಿಗೆ ಸೇರಿ, ಉಳಿದುದು ಹೊಗೆಯೊಡನೆ ಹೊರಟುಹೋಗುವುದೆಂದು ಭಾವಿಸಿದರೆ, ಪ್ರತಿದಿನವೂ ನಾಲ್ಕು ಕಿಲೋಗ್ರಾಂಗೂ ಹೆಚ್ಚು ಸೌದೆ ಉರಿಯಬೇಕಾಗುವುದು.

ಇನ್ನು ಸೂರ್ಯನ ಕೊಡುಗೆಯನ್ನು ನೋಡೋಣ. ವಾಯುಮಂಡಲದ ಹೊರಗೆ, ಸೂರ್ಯನಿಗೆ ನೇರವಾಗಿ ಹಿಡಿದ ಒಂದು ಚದರ ಮೀಟರಿನ ಮೇಲೆ ಸುಮಾರು 1361 ವಾಟ್ ಶಕ್ತಿ ಬೀಳುತ್ತದೆ. ಗಾಳಿ, ನೀರಾವಿ, ಧೂಳುಗಳು ತಮ್ಮ ಸುಂಕವನ್ನು ವಸೂಲು ಮಾಡಿದ ಮೇಲೆ, ಶುಭ್ರವಾದ ಮಧ್ಯಾಹ್ನದಲ್ಲಿ ನೆಲಕ್ಕೆ ತಲುಪುವುದು 1000 ವಾಟ್‌ನಷ್ಟು. ಮುಂಜಾನೆ ಸಂಜೆಗಳ ಓರೆ ಬಿಸಿಲನ್ನೂ ಸೇರಿಸಿ ದಿನದ ಮೊತ್ತವನ್ನು ತೆಗೆದುಕೊಂಡರೆ, ನಮ್ಮ ಬಯಲುಸೀಮೆಯಲ್ಲಿ ಮೋಡವಿಲ್ಲದ ದಿನ ಒಂದು ಚದರ ಮೀಟರಿಗೆ ಸುಮಾರು 5 ಯೂನಿಟ್ಟು ದೊರೆಯುತ್ತದೆ. ಇದರಲ್ಲಿ ನೂರಕ್ಕೆ ನಲವತ್ತರಷ್ಟನ್ನು ಮಾತ್ರ ನೀರಿಗೆ ತುಂಬಿದರೂ ಚದರ ಮೀಟರಿಗೆ 2 ಯೂನಿಟ್ಟು ಆಯಿತು. 100 ಲೀಟರಿಗೆ 2 ಚದರ ಮೀಟರು, 50 ಲೀಟರಿಗೆ 1 ಚದರ ಮೀಟರು ಫಲಕ ಸಾಕೆಂಬುದು ಇದರಿಂದ ತಿಳಿಯುತ್ತದೆ. ನಾವು 50 ಲೀಟರಿನ ಸಣ್ಣ ಹೀಟರನ್ನೇ ಆರಿಸಿಕೊಂಡೆವು.

ಶಾಖವು ತಪ್ಪಿಸಿಕೊಳ್ಳುವ ಮೂರು ದಾರಿಗಳು

ಕರಿಯ ಬಣ್ಣ ಬಳಿದ ತಗಡೊಂದನ್ನು ಬಿಸಿಲಿನಲ್ಲಿಟ್ಟರೆ, ಬಿದ್ದ ಬೆಳಕಿನ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ಅದು ಹೀರಿಕೊಳ್ಳುವುದು. ಇದು ಯಾರೂ ಮಾಡಬಹುದಾದ ಕೆಲಸ. ಆದರೆ ತಗಡು ಬಿಸಿಯಾಗತೊಡಗಿದ ಕ್ಷಣದಿಂದಲೇ, ಪಡೆದುದನ್ನು ಕಳೆದುಕೊಳ್ಳುವ ಕೆಲಸವೂ ಆರಂಭವಾಗುತ್ತದೆ. ತಗಡು ಮುಟ್ಟಿದ ವಸ್ತುಗಳಿಗೆ ಶಾಖವು ವಹನದಿಂದ ಹರಿಯುತ್ತದೆ. ತಗಡಿನ ಮೇಲಿನ ಗಾಳಿ ಕಾದು ಹಗುರವಾಗಿ ಮೇಲೇರುವುದು, ಅದರ ಎಡೆಗೆ ತಂಪುಗಾಳಿ ಬಂದು ಅದೂ ಕಾದು ಹೋಗುವುದು, ಇದು ಸಂವಹನ. ಇವೆರಡೂ ಇಲ್ಲದಿದ್ದರೂ ಬಿಸಿಯಾದ ತಗಡು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಎಲ್ಲ ದಿಕ್ಕಿಗೂ ಸೂಸುತ್ತಲೇ ಇರುವುದು, ಇದು ವಿಕಿರಣ. ಬಂದ ಶಾಖವೂ ಹೋಗುವ ಶಾಖವೂ ಸಮವಾದಾಗ ತಗಡಿನ ಉಷ್ಣತೆ ನಿಂತುಬಿಡುತ್ತದೆ. ಆದುದರಿಂದ ಒಳ್ಳೆಯ ಫಲಕವನ್ನು ಮಾಡುವುದೆಂದರೆ ಈ ಮೂರು ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುವುದು.

ವಹನದ ಬಾಗಿಲನ್ನು ಮುಚ್ಚಲು ತಗಡಿನ ಕೆಳಗೂ ಪಕ್ಕಗಳಲ್ಲಿಯೂ ಶಾಖವನ್ನು ಸುಲಭವಾಗಿ ಬಿಡದ ವಸ್ತುವನ್ನು ತುಂಬಬೇಕು. ಗಾಜಿನ ಉಣ್ಣೆ, ಚೆನ್ನಾಗಿ ಒಣಗಿಸಿದ ತೆಂಗಿನ ನಾರು, ಭತ್ತದ ಹೊಟ್ಟು ಇವೆಲ್ಲ ಆಗುತ್ತವೆ. ಇವುಗಳ ಗುಣ ಇರುವುದು ಎಳೆಗಳಲ್ಲಿ ಅಲ್ಲ, ಎಳೆಗಳ ನಡುವೆ ಸಿಕ್ಕಿ ನಿಶ್ಚಲವಾಗಿ ನಿಂತ ಗಾಳಿಯಲ್ಲಿ. ಆದುದರಿಂದಲೇ ಅವು ನೆನೆದರೆ ಕೆಟ್ಟವು: ಗಾಳಿಯ ಸ್ಥಳವನ್ನು ನೀರು ಆಕ್ರಮಿಸಿದೊಡನೆ ಶಾಖಕ್ಕೆ ದಾರಿ ಸಿಕ್ಕುತ್ತದೆ. ಇಲ್ಲೊಂದು ಎಚ್ಚರಿಕೆ. ನಾವು ಮೊದಲು ಹಗುರವೂ ಅಗ್ಗವೂ ಆದ ಥರ್ಮೋಕೋಲನ್ನು ಹಾಕಿದೆವು. ಕೊಳವೆಗಳಿಗೆ ನೀರು ತುಂಬದೆ ಒಂದು ದಿನ ಬಿಸಿಲಿನಲ್ಲಿ ಬಿಟ್ಟುದೇ ತಡ, ಅದು ಕುಗ್ಗಿ ಕರಗಿ ತಗಡಿಗೆ ಅಂಟಿಕೊಂಡಿತು. ನೀರಿಲ್ಲದ ಫಲಕದ ಉಷ್ಣತೆ 100 ಡಿಗ್ರಿಯನ್ನು ಮೀರಬಲ್ಲದೆಂಬುದನ್ನು ನಾವು ಮರೆತಿದ್ದೆವು.

ಗಾಜು ಮಾಡುವ ಕೆಲಸ

ಮೇಲಿನ ಬಾಗಿಲನ್ನು ಮುಚ್ಚುವುದು ಹೇಗೆ? ಬೆಳಕನ್ನು ಒಳಗೆ ಬಿಟ್ಟು ಶಾಖವನ್ನು ಹೊರಗೆ ಬಿಡದ ಮುಚ್ಚಳ ಬೇಕು. 1767ರಲ್ಲಿ ಜಿನೀವಾದ ವಿಜ್ಞಾನಿ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್ ಎಂಬಾತನು ಗಾಜಿನ ಪೆಟ್ಟಿಗೆಗಳನ್ನು ಒಂದರೊಳಗೊಂದು ಇಟ್ಟು ಬಿಸಿಲಿಗೆ ಒಡ್ಡಿದನು. ಮುಂದೆ ಅವನು ಕಟ್ಟಿದ, ಒಳಗೆ ಕಪ್ಪು ಹೊದಿಕೆಯೂ ಮೇಲೆ ಮೂರು ಗಾಜುಗಳೂ ಇದ್ದ ಮರದ ಪೆಟ್ಟಿಗೆಯಲ್ಲಿ ಉಷ್ಣತೆ ನೀರಿನ ಕುದಿಬಿಂದುವನ್ನೂ ದಾಟಿತು. ಬೆಟ್ಟದ ಮೇಲಿನ ತಣ್ಣನೆಯ ಗಾಳಿಯಲ್ಲಿಯೂ ಪೆಟ್ಟಿಗೆ ಬಹುಮಟ್ಟಿಗೆ ಅಷ್ಟೇ ಬಿಸಿಯಾದುದನ್ನು ಅವನು ಕಂಡನು. ಇಂದಿನ ಎಲ್ಲ ಸೌರ ಫಲಕಗಳಿಗೂ ಈ ಪೆಟ್ಟಿಗೆಯೇ ಪೂರ್ವಜ.

ಗಾಜಿನ ಈ ಗುಣಕ್ಕೆ ಪಠ್ಯಪುಸ್ತಕಗಳು ಒಂದು ಕಾರಣವನ್ನು ಹೇಳುತ್ತವೆ. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5500 ಡಿಗ್ರಿ. ಅಷ್ಟು ಬಿಸಿಯಾದ ವಸ್ತು ಸೂಸುವ ಕಿರಣಗಳ ತರಂಗದೂರ ಕಿರಿದು. ಅವುಗಳ ಪ್ರಾಬಲ್ಯ ಅರ್ಧ ಮೈಕ್ರೋಮೀಟರಿನ ಬಳಿ ಇರುತ್ತದೆ. 60 ಡಿಗ್ರಿಯ ತಗಡು ಸೂಸುವ ಕಿರಣಗಳು ಸುಮಾರು 9 ಮೈಕ್ರೋಮೀಟರಿನ ಬಳಿ ಪ್ರಬಲವಾಗಿರುತ್ತವೆ. ಗಾಜು ಮೊದಲನೆಯವಕ್ಕೆ ಪಾರದರ್ಶಕ, ಎರಡನೆಯವಕ್ಕೆ ಗೋಡೆ. ಹೀಗೆ ಬೆಳಕಾಗಿ ಒಳಬಂದ ಶಕ್ತಿ ಶಾಖಕಿರಣವಾಗಿ ಹೊರಹೋಗಲಾರದು.

ಇದು ನಿಜ, ಆದರೆ ಪೂರ್ಣ ನಿಜವಲ್ಲ. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಎರಡು ಕಪ್ಪು ಪೆಟ್ಟಿಗೆಗಳನ್ನು ಮಾಡಿ, ಒಂದಕ್ಕೆ ಗಾಜಿನ ಮುಚ್ಚಳವನ್ನೂ ಇನ್ನೊಂದಕ್ಕೆ ಕಲ್ಲುಪ್ಪಿನ ಫಲಕವನ್ನೂ ಹೊದಿಸಿದನು. ಕಲ್ಲುಪ್ಪು ಅವಕೆಂಪು ಕಿರಣಗಳನ್ನು ಸರಾಗವಾಗಿ ಹೊರಬಿಡುತ್ತದೆ. ಕಿರಣಗಳನ್ನು ತಡೆಯುವುದೇ ಮುಖ್ಯವಾಗಿದ್ದರೆ ಗಾಜಿನ ಪೆಟ್ಟಿಗೆ ಬಹಳ ಹೆಚ್ಚು ಬಿಸಿಯಾಗಬೇಕಿತ್ತು. ಬಿಸಿಲನ್ನು ಮೊದಲು ಒಂದು ಗಾಜಿನ ಮೂಲಕ ಹಾಯಿಸಿ ಎರಡಕ್ಕೂ ಸಮನಾಗಿ ಒದಗಿಸಿದಾಗ, ಎರಡೂ ಸುಮಾರು 55 ಡಿಗ್ರಿ ತಲುಪಿದವು; ವ್ಯತ್ಯಾಸ ಒಂದು ಡಿಗ್ರಿಯಷ್ಟೂ ಇರಲಿಲ್ಲ. ಅಂತಹ ಪೆಟ್ಟಿಗೆಯಲ್ಲಿ ಗಾಜು ಮಾಡುವ ದೊಡ್ಡ ಉಪಕಾರವೆಂದರೆ ಬಿಸಿಗಾಳಿಯನ್ನು ಎದ್ದುಹೋಗದಂತೆ ಹಿಡಿದಿಡುವುದು. ಇದರಿಂದ ಫಲಕ ಕಟ್ಟುವವನು ಕಲಿಯಬೇಕಾದ ಪಾಠವಿದೆ: ಗಾಜಿನ ಅಂಚಿನಲ್ಲಿ ಸಂದು ಉಳಿದರೆ ಎಷ್ಟು ಒಳ್ಳೆಯ ಗಾಜಾದರೂ ಫಲವಿಲ್ಲ. ಆದರೂ ತಗಡು ಹೆಚ್ಚು ಬಿಸಿಯಾದಂತೆ ವಿಕಿರಣದ ನಷ್ಟವೂ ಬೇಗನೆ ಬೆಳೆಯುವುದು. ಆದುದರಿಂದಲೇ ಕಾರ್ಖಾನೆಯ ಫಲಕಗಳಿಗೆ ಬೆಳಕನ್ನು ಹೀರಿ ಅವಕೆಂಪನ್ನು ಕಡಮೆ ಸೂಸುವ ವಿಶೇಷ ಲೇಪವನ್ನು ಕೊಡುತ್ತಾರೆ. ಈಗ ಮಾರುಕಟ್ಟೆಯಲ್ಲಿ ಕಾಣುವ ಗಾಜಿನ ಕೊಳವೆಗಳ ಹೀಟರಿನಲ್ಲಿ ಇಂತಹ ಲೇಪವೂ ಉಂಟು, ಜೋಡಿ ಗಾಜುಗಳ ನಡುವೆ ನಿರ್ವಾತವೂ ಉಂಟು. ಥರ್ಮಾಸ್ ಫ್ಲಾಸ್ಕಿನ ತತ್ತ್ವವೇ ಅಲ್ಲಿ ಕೆಲಸ ಮಾಡುತ್ತದೆ. ಮನೆಯಲ್ಲಿ ಮಾಡುವವರಿಗೆ ಹೊಳಪಿಲ್ಲದ ಕರಿ ಬಣ್ಣವೇ ಸಾಕು.

ಫಲಕದ ರಚನೆ

ನಮ್ಮ ಫಲಕದ ಪೆಟ್ಟಿಗೆಯ ಒಳ ಅಳತೆ ಉದ್ದ 125 ಸೆಂಟಿಮೀಟರು, ಅಗಲ 80 ಸೆಂಟಿಮೀಟರು. ಎಂದರೆ ಸರಿಯಾಗಿ ಒಂದು ಚದರ ಮೀಟರು. ತಳದಲ್ಲಿ 5 ಸೆಂಟಿಮೀಟರು ದಪ್ಪ ಗಾಜಿನ ಉಣ್ಣೆ, ಅದರ ಮೇಲೆ ತಗಡು ಮತ್ತು ಕೊಳವೆಗಳು, ತಗಡಿನಿಂದ ಸುಮಾರು 3 ಸೆಂಟಿಮೀಟರು ಮೇಲೆ 4 ಮಿಲಿಮೀಟರು ದಪ್ಪದ ಗಾಜು. ಅರ್ಧ ಅಂಗುಲ ವ್ಯಾಸದ ಏಳು ತಾಮ್ರದ ಕೊಳವೆಗಳನ್ನು 11 ಸೆಂಟಿಮೀಟರಿಗೆ ಒಂದರಂತೆ ಉದ್ದಕ್ಕೆ ಜೋಡಿಸಿ, ಮೇಲೂ ಕೆಳಗೂ ಒಂದೊಂದು ಅಂಗುಲ ವ್ಯಾಸದ ಅಡ್ಡಕೊಳವೆಗೆ ಬೆಸೆಯಿಸಿದೆವು. ಏಣಿಯೊಂದನ್ನು ನಿಲ್ಲಿಸದೆ ಮಲಗಿಸಿ, ಮೆಟ್ಟಿಲುಗಳನ್ನೇ ಉದ್ದ ಮಾಡಿ, ಕಾಲುಗಳನ್ನು ಗಿಡ್ಡ ಮಾಡಿದರೆ ಹೇಗೋ ಹಾಗೆ. ತಾಮ್ರವನ್ನು ಗುಜರಿ ಅಂಗಡಿಯಲ್ಲಿ ಆಯ್ದು ತಂದುದರಿಂದ ಖರ್ಚು ಹಿಡಿತದಲ್ಲಿ ಉಳಿಯಿತು. ಬೆಸುಗೆಯನ್ನು ಮಾತ್ರ ಅನುಭವವುಳ್ಳ ಕೆಲಸಗಾರರಿಂದ ಮಾಡಿಸಿದೆವು.

ಇಲ್ಲಿ ಹೆಚ್ಚು ಗಮನ ಬೇಕಾದುದು ತಗಡಿಗೂ ಕೊಳವೆಗೂ ಇರುವ ಸಂಬಂಧ. ಎರಡು ಕೊಳವೆಗಳ ನಡುವೆ ಬಿದ್ದ ಬಿಸಿಲಿನ ಶಾಖವು ತಗಡಿನಲ್ಲಿಯೇ ಪಕ್ಕಕ್ಕೆ ನಡೆದು ಕೊಳವೆಯನ್ನು ಸೇರಬೇಕು. ಕೊಳವೆಗಳು ದೂರವಾದಷ್ಟೂ, ತಗಡು ತೆಳುವಾದಷ್ಟೂ ನಡುಭಾಗ ಹೆಚ್ಚು ಕಾದು ತನ್ನ ಶಾಖವನ್ನು ಗಾಜಿನ ಕಡೆಗೆ ಚೆಲ್ಲುವುದು. ತಾಮ್ರದ ವಹನಶಕ್ತಿ ಗಾಳಿಯದಕ್ಕಿಂತ ಸುಮಾರು ಹದಿನೈದು ಸಾವಿರ ಪಟ್ಟು ಹೆಚ್ಚು. ತಗಡಿಗೂ ಕೊಳವೆಗೂ ನಡುವೆ ಕಾಗದದಷ್ಟು ತೆಳುವಾದ ಗಾಳಿಯ ಪದರ ಉಳಿದರೂ ಶಾಖವು ಅಲ್ಲಿ ತಡೆದು ನಿಲ್ಲುವುದು. ತಗಡನ್ನು ತಂತಿಯಿಂದ ಕೊಳವೆಗೆ ಕಟ್ಟಿದರೆ ಸಾಲದೆಂಬುದು ಇದರಿಂದ ಸ್ಪಷ್ಟವಾಗುವುದು. ತಗಡಿನಲ್ಲಿ ಕೊಳವೆ ಕೂರುವಂತೆ ಅರ್ಧವೃತ್ತದ ತೋಡುಗಳನ್ನು ಬಡಿದು, ಉದ್ದಕ್ಕೂ ಬೆಸುಗೆ ಹಾಕಿಸಬೇಕು. ಈ ನೀರು ಸ್ನಾನಕ್ಕೂ ಪಾತ್ರೆ ತೊಳೆಯುವುದಕ್ಕೂ ಮಾತ್ರ. ಸೀಸ ಬೆರೆತ ಬೆಸುಗೆ ಇದ್ದರೆ ಅಡುಗೆಗೂ ಕುಡಿಯುವುದಕ್ಕೂ ಬಳಸಬಾರದು.

ಫಲಕವನ್ನು ದಕ್ಷಿಣಕ್ಕೆ ಮುಖಮಾಡಿ ಓರೆಯಾಗಿ ಇಡಬೇಕು. ಬೆಂಗಳೂರು, ಮಂಗಳೂರುಗಳ ಅಕ್ಷಾಂಶ ಸುಮಾರು 13 ಡಿಗ್ರಿ. ಡಿಸೆಂಬರಿನಲ್ಲಿ ಸೂರ್ಯನು ಸಮಭಾಜಕದ ದಕ್ಷಿಣಕ್ಕೆ ಇಪ್ಪತ್ತಮೂರೂವರೆ ಡಿಗ್ರಿ ಸರಿದಿರುವನು. ಆಗ ಮಧ್ಯಾಹ್ನದ ಬಿಸಿಲು ನೆಟ್ಟಗೆ ಬೀಳಬೇಕಾದರೆ ಫಲಕ 36 ಡಿಗ್ರಿಯಷ್ಟು ಎದ್ದಿರಬೇಕು. ಬೇಸಗೆಯಲ್ಲಿ ಸೂರ್ಯನು ನೆತ್ತಿಯ ಮೇಲೆಯೇ ಇರುವುದರಿಂದ ಅಷ್ಟು ಓರೆ ಹೆಚ್ಚಾಯಿತು. ಬಿಸಿನೀರಿನ ಅವಶ್ಯಕತೆ ಹೆಚ್ಚಾಗಿರುವುದು ಚಳಿಗಾಲದಲ್ಲಿ. ಆದುದರಿಂದ ಊರಿನ ಅಕ್ಷಾಂಶಕ್ಕೆ 10ರಿಂದ 15 ಡಿಗ್ರಿ ಕೂಡಿಸಿದ ಓರೆಯೇ ಹದವಾದುದು. ನಾವು 27 ಡಿಗ್ರಿ ಇಟ್ಟೆವು.

ಪಂಪಿಲ್ಲದೆ ನೀರು ತಿರುಗುವ ಬಗೆ

ಫಲಕದಲ್ಲಿ ಹಿಡಿಸುವ ನೀರು ಒಂದೆರಡು ಲೀಟರು ಮಾತ್ರ. ಅದು ಕಾದೊಡನೆ ತೊಟ್ಟಿಗೆ ಹೋಗಿ, ತೊಟ್ಟಿಯ ತಣ್ಣೀರು ಫಲಕಕ್ಕೆ ಬರಬೇಕು. ಇದನ್ನು ಮಾಡಲು ಪಂಪು ಬೇಡ, ನೀರೇ ಮಾಡಿಕೊಳ್ಳುತ್ತದೆ. 25 ಡಿಗ್ರಿಯಲ್ಲಿ ಒಂದು ಲೀಟರು ನೀರಿನ ತೂಕ 997 ಗ್ರಾಂ. 55 ಡಿಗ್ರಿಯಲ್ಲಿ ಸುಮಾರು 986 ಗ್ರಾಂ. ಈ ಹನ್ನೊಂದು ಗ್ರಾಂ ವ್ಯತ್ಯಾಸವೇ ನಮ್ಮ ಯಂತ್ರ. ಫಲಕದಲ್ಲಿ ಕಾದ ಹಗುರ ನೀರು ಮೇಲಿನ ಕೊಳವೆಯಿಂದ ತೊಟ್ಟಿಗೆ ಏರುವುದು. ತೊಟ್ಟಿಯ ತಳದ ಭಾರವಾದ ತಣ್ಣೀರು ಕೆಳಗಿನ ಕೊಳವೆಯಿಂದ ಫಲಕಕ್ಕೆ ಇಳಿಯುವುದು. ಥರ್ಮೋಸೈಫನ್ ಎಂದು ಹೆಸರಾದ ಈ ಪ್ರವಾಹ ಬಿಸಿಲಿರುವವರೆಗೂ ತಾನಾಗಿ ನಡೆಯುತ್ತದೆ.

ಆದರೆ ಈ ಯಂತ್ರದ ಬಲ ಬಹಳ ಅಲ್ಪ. ನಮ್ಮ ಗಾತ್ರದ ಹೀಟರಿನಲ್ಲಿ ಲೆಕ್ಕ ಹಾಕಿದರೆ, ನೀರನ್ನು ತಳ್ಳುವ ಒತ್ತಡ ಕೆಲವೇ ಮಿಲಿಮೀಟರು ಎತ್ತರದ ನೀರಿನ ಕಂಬಕ್ಕೆ ಸಮನಾಗುವುದು. ಕೊಳವೆ ಎಲ್ಲಿಯಾದರೂ ಮೇಲೇರಿ ಮತ್ತೆ ಕೆಳಗಿಳಿದರೆ ಆ ಗೂನಿನಲ್ಲಿ ಗಾಳಿ ಸಿಕ್ಕಿಕೊಂಡು ಪ್ರವಾಹವೇ ನಿಲ್ಲುವುದು. ಆದುದರಿಂದ ಕೊಳವೆಗಳು ಅಗಲವಾಗಿರಬೇಕು, ತಿರುವುಗಳು ಕಡಮೆ ಇರಬೇಕು, ಬಿಸಿನೀರಿನ ದಾರಿ ಮೊದಲಿನಿಂದ ಕೊನೆಯವರೆಗೆ ಏರುತ್ತಲೇ ಇರಬೇಕು. ತಣ್ಣೀರು ಫಲಕದ ಕೆಳಗಿನ ಒಂದು ಮೂಲೆಯಲ್ಲಿ ಹೊಕ್ಕು, ಬಿಸಿನೀರು ಮೇಲಿನ ಎದುರು ಮೂಲೆಯಲ್ಲಿ ಹೊರಡುವಂತೆ ಮಾಡಿದರೆ ಏಳು ಕೊಳವೆಗಳಿಗೂ ಸಮನಾದ ಹಾದಿ ದೊರೆಯುವುದು.

ಮೊದಲ ರಾತ್ರಿಯ ಸೋಲು

ಜನವರಿಯ ಒಂದು ಬೆಳಗ್ಗೆ ಕಾಲೇಜಿನ ತಾರಸಿಯ ಮೇಲೆ ಹೀಟರನ್ನು ನಿಲ್ಲಿಸಿದೆವು. ಎತ್ತರದ ಕಟ್ಟೆಯ ಖರ್ಚನ್ನು ಉಳಿಸಲೆಂದು, ತೊಟ್ಟಿಯನ್ನು ಫಲಕದ ಪಕ್ಕದಲ್ಲಿಯೇ ನಾಲ್ಕು ಇಟ್ಟಿಗೆಗಳ ಮೇಲೆ ಇಟ್ಟಿದ್ದೆವು. ಸುತ್ತಲೂ ದಪ್ಪವಾಗಿ ಗಾಜಿನ ಉಣ್ಣೆಯನ್ನು ಸುತ್ತಿತ್ತು. ಸಂಜೆ ನಾಲ್ಕಕ್ಕೆ ತೊಟ್ಟಿಯ ನೀರು 54 ಡಿಗ್ರಿ ತೋರಿಸಿತು. ವಿದ್ಯಾರ್ಥಿಗಳ ಸಂತೋಷಕ್ಕೆ ಪಾರವಿರಲಿಲ್ಲ. ಮರುದಿನ ಬೆಳಗ್ಗೆ ಆರಕ್ಕೆ ಬಂದು ನೋಡಿದರೆ 29 ಡಿಗ್ರಿ! ಅಜ್ಜಿಗೆ ಬೇಕಾಗಿದ್ದುದು ಸಂಜೆಯ ಬಿಸಿನೀರಲ್ಲ, ಬೆಳಗಿನ ಬಿಸಿನೀರು.

ಹೊದಿಕೆ ಸಾಲದೆಂದು ಭಾವಿಸಿ ಅದನ್ನು ಇಮ್ಮಡಿ ಮಾಡಿದೆವು. ಬೆಳಗ್ಗೆ ಮತ್ತೆ ಅದೇ ಕಥೆ. ಆಗ ಲೆಕ್ಕ ಹಾಕಬೇಕೆಂಬ ಬುದ್ಧಿ ಬಂತು. 10 ಸೆಂಟಿಮೀಟರು ಗಾಜಿನ ಉಣ್ಣೆಯ ಮೂಲಕ ಇಂತಹ ತೊಟ್ಟಿ ಒಂದು ರಾತ್ರಿಯಲ್ಲಿ ಕಳೆದುಕೊಳ್ಳಬೇಕಾದುದು ಎರಡು ಮೂರು ಡಿಗ್ರಿ ಮಾತ್ರ. ಇಪ್ಪತ್ತೈದು ಡಿಗ್ರಿ ಹೋಗಿದ್ದರೆ ಶಾಖವು ಹೊದಿಕೆಯಿಂದ ಸೋರಿರಲಾರದು. ಬೇರೆ ದಾರಿ ಇರಲೇಬೇಕು.

ಆ ರಾತ್ರಿ ಒಂಬತ್ತೂವರೆಗೆ ತಾರಸಿಗೆ ಹೋದೆವು. ಫಲಕದ ಗಾಜು ತಣ್ಣಗಿತ್ತು. ಆ ವಿದ್ಯಾರ್ಥಿ ಮೇಲಿನ ಕೊಳವೆಯ ಮೇಲೆ ಕೈಯಿಟ್ಟು, “ಸಾರ್, ಇದು ಬಿಸಿಯಾಗಿದೆ” ಎಂದನು. ಕೆಳಗಿನ ಕೊಳವೆ ತಣ್ಣಗಿತ್ತು. ಸೂರ್ಯನಿಲ್ಲದ ಹೊತ್ತಿನಲ್ಲಿ ಮೇಲಿನ ಕೊಳವೆ ಬಿಸಿಯಾಗಿರಬೇಕಾದರೆ ಬಿಸಿನೀರು ಫಲಕದಿಂದ ಬರುತ್ತಿಲ್ಲ, ಫಲಕಕ್ಕೆ ಹೋಗುತ್ತಿದೆ! ಹಗಲಿನ ಯಂತ್ರ ಹಿಮ್ಮುಖವಾಗಿ ತಿರುಗುತ್ತಿತ್ತು. ಶುಭ್ರವಾದ ರಾತ್ರಿಯಲ್ಲಿ ಫಲಕವು ಆಕಾಶಕ್ಕೆ ಶಾಖವನ್ನು ಸೂಸಿ ತಣ್ಣಗಾಗುವುದು. ಅದರೊಳಗಿನ ನೀರು ಭಾರವಾಗಿ ಕೆಳಗಿನ ಕೊಳವೆಯಿಂದ ತೊಟ್ಟಿಯ ತಳಕ್ಕೆ ಜಾರುವುದು. ಅದರ ಎಡೆಗೆ ತೊಟ್ಟಿಯ ಬಿಸಿನೀರು ಮೇಲಿನ ಕೊಳವೆಯಿಂದ ಬಂದು ತಾನೂ ತಣ್ಣಗಾಗುವುದು. ಹಗಲು ಶಾಖವನ್ನು ಕೂಡಿಸಿದ ಫಲಕವೇ ಇರುಳಿನಲ್ಲಿ ಅದನ್ನು ಆಕಾಶಕ್ಕೆ ಹಂಚುತ್ತಿತ್ತು.

ಊಹೆಯನ್ನು ಪರೀಕ್ಷಿಸಬೇಕಷ್ಟೆ. ಮರುದಿನ ಮೇಲಿನ ಕೊಳವೆಗೆ ಒಂದು ಕವಾಟವನ್ನು ಹಾಕಿಸಿ, ಸೂರ್ಯಾಸ್ತಕ್ಕೆ ಮುಚ್ಚಿದೆವು. ಬೆಳಗ್ಗೆ ನೀರು 50 ಡಿಗ್ರಿ ಇತ್ತು. ಆದರೆ ಕವಾಟವನ್ನು ದಿನವೂ ಮುಚ್ಚಿ ತೆರೆಯಲು ನೆನಪಿರಬೇಕು. ಬೆಳಗ್ಗೆ ತೆರೆಯಲು ಮರೆತರೆ ಆ ದಿನದ ಬಿಸಿಲು ವ್ಯರ್ಥ. ಉತ್ತಮ ಉಪಾಯ ತೊಟ್ಟಿಯನ್ನು ಎತ್ತರಿಸುವುದು. ತೊಟ್ಟಿಯ ತಳವು ಫಲಕದ ಮೇಲಂಚಿಗಿಂತ ಕನಿಷ್ಠ ಒಂದು ಅಡಿ ಮೇಲಿದ್ದರೆ, ರಾತ್ರಿಯಲ್ಲಿ ತಣ್ಣಗಾದ ಭಾರದ ನೀರು ಮೊದಲೇ ಎಲ್ಲಕ್ಕಿಂತ ಕೆಳಗಿನ ಸ್ಥಾನದಲ್ಲಿರುವುದು. ಅದಕ್ಕೆ ಇನ್ನು ಇಳಿಯಲು ಎಡೆಯಿಲ್ಲ. ಆದುದರಿಂದ ಪ್ರವಾಹವೂ ಇಲ್ಲ. ಉಳಿಸಬೇಕೆಂದಿದ್ದ ಕಟ್ಟೆಯ ಖರ್ಚನ್ನು ಕೊನೆಗೆ ಮಾಡಿಯೇ ತೀರಬೇಕಾಯಿತು.

ನಾವು ಎದುರಿಸಿದ ತೊಡಕು ಹೊಸದಲ್ಲವೆಂಬುದು ಆಮೇಲೆ ಓದಿ ತಿಳಿಯಿತು. ಅಮೆರಿಕದ ಬಾಲ್ಟಿಮೋರ್ ನಗರದ ಕ್ಲಾರೆನ್ಸ್ ಕೆಂಪ್ ಎಂಬಾತನು 1891ರಲ್ಲಿ ‘ಕ್ಲೈಮ್ಯಾಕ್ಸ್’ ಎಂಬ ಸೌರ ಹೀಟರಿಗೆ ಪೇಟೆಂಟು ಪಡೆದನು. ಕಪ್ಪು ಬಣ್ಣದ ತೊಟ್ಟಿಗಳನ್ನೇ ಗಾಜಿನ ಪೆಟ್ಟಿಗೆಯಲ್ಲಿಟ್ಟ ಸರಳ ಉಪಕರಣ ಅದು. ಸಂಜೆಗೆ ಬಿಸಿನೀರು ಸಿಕ್ಕುತ್ತಿತ್ತು; ಆದರೆ ಬಿಸಿಲಿಗೆ ತೆರೆದಿದ್ದ ತೊಟ್ಟಿ ಇರುಳಿಗೂ ತೆರೆದೇ ಇದ್ದುದರಿಂದ ಬೆಳಗಿನ ಹೊತ್ತಿಗೆ ನೀರು ಆರಿಹೋಗುತ್ತಿತ್ತು. 1909ರಲ್ಲಿ ಕ್ಯಾಲಿಫೋರ್ನಿಯದ ವಿಲಿಯಂ ಬೈಲಿ ಕಾಯಿಸುವ ಭಾಗವನ್ನೂ ಕಾಪಾಡುವ ಭಾಗವನ್ನೂ ಬೇರ್ಪಡಿಸಿದನು: ಕೆಳಗೆ ತೆಳು ಕೊಳವೆಗಳ ಫಲಕ, ಮೇಲೆ ಹೊದಿಕೆ ಸುತ್ತಿದ ತೊಟ್ಟಿ. ಅವನು ತನ್ನ ಹೀಟರಿಗೆ ‘ಡೇ ಅಂಡ್ ನೈಟ್’, ಎಂದರೆ ‘ಹಗಲು ಮತ್ತು ಇರುಳು’ ಎಂದು ಹೆಸರಿಟ್ಟನು. ಇಂದು ಬೆಂಗಳೂರಿನ ತಾರಸಿಗಳ ಮೇಲೆ ಸಾಲುಸಾಲಾಗಿ ಕಾಣುವ ಚಪ್ಪಟೆ ಫಲಕದ ಹೀಟರುಗಳು ಇದೇ ತತ್ತ್ವವನ್ನು ಅನುಸರಿಸಿದವು.

ತೊಟ್ಟಿಯ ವಿಷಯದಲ್ಲಿ ಕೆಲವು ಎಚ್ಚರಿಕೆಗಳು

ತೊಟ್ಟಿ ತಾಮ್ರದ್ದಾಗಲಿ ತುಕ್ಕು ಹಿಡಿಯದ ಉಕ್ಕಿನದಾಗಲಿ ಆಗಿರಬೇಕು. ತಾಮ್ರದ ಫಲಕಕ್ಕೆ ಸತುವಿನ ಲೇಪದ ಕಬ್ಬಿಣದ ತೊಟ್ಟಿಯನ್ನು ಜೋಡಿಸಿದರೆ, ನೀರಿನಲ್ಲಿ ಎರಡು ಲೋಹಗಳು ಸೇರಿ ವಿದ್ಯುತ್ಕೋಶದಂತಾಗಿ ಕಬ್ಬಿಣ ಬೇಗನೆ ತೂತು ಬೀಳುವುದು. ಫಲಕಕ್ಕೆ ಹೋಗುವ ಕೊಳವೆ ತೊಟ್ಟಿಯ ತಳದಿಂದ ಹೊರಡಲಿ. ಫಲಕದಿಂದ ಬರುವ ಬಿಸಿನೀರು ತೊಟ್ಟಿಯ ಎತ್ತರದ ಮೂರನೆಯ ಎರಡು ಪಾಲಿನಲ್ಲಿ ಸೇರಲಿ. ಬಚ್ಚಲಿಗೆ ಹೋಗುವ ನೀರನ್ನು ಮೇಲ್ಭಾಗದಿಂದ ತೆಗೆದುಕೊಂಡು, ಹೊಸ ತಣ್ಣೀರನ್ನು ತಳದಲ್ಲಿ ಬಿಡಬೇಕು. ಹೀಗೆ ಮಾಡಿದರೆ ಬಿಸಿನೀರಿನ ಪದರ ಮೇಲೆಯೇ ತೇಲುತ್ತಿದ್ದು, ಕೊನೆಯವರೆಗೂ ಬಿಸಿಯಾದ ನೀರೇ ಬರುತ್ತದೆ. ತಣ್ಣೀರಿನ ತೊಟ್ಟಿ ಇದಕ್ಕಿಂತ ಎತ್ತರದಲ್ಲಿರಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಗಾಳಿಕೊಳವೆ. 25ರಿಂದ 60 ಡಿಗ್ರಿಗೆ ಕಾದಾಗ 50 ಲೀಟರು ನೀರು ಸುಮಾರು 700 ಮಿಲಿಲೀಟರು ಹಿಗ್ಗುತ್ತದೆ. ನೀರನ್ನು ಒತ್ತಿ ಕುಗ್ಗಿಸುವುದು ಸಾಧ್ಯವಿಲ್ಲವೆಂದೇ ಹೇಳಬಹುದು. ತೊಟ್ಟಿ ಎಲ್ಲ ಕಡೆಯೂ ಮುಚ್ಚಿದ್ದರೆ ಈ ಹಿಗ್ಗುವಿಕೆ ಬೆಸುಗೆಯನ್ನು ಬಿರಿಯಬಲ್ಲದು. ಆವಿ ಉಂಟಾದರೆ ಅಪಾಯ ಇನ್ನೂ ಹೆಚ್ಚು. ಆದುದರಿಂದ ತೊಟ್ಟಿಯ ನೆತ್ತಿಯಿಂದ ಒಂದು ಕೊಳವೆಯನ್ನು, ತಣ್ಣೀರು ತೊಟ್ಟಿಯ ನೀರಿನ ಮಟ್ಟಕ್ಕಿಂತ ಮೇಲಕ್ಕೆ ಒಯ್ದು, ಬಾಯಿ ತೆರೆದೇ ಬಿಡಬೇಕು. ಇದರ ಮೇಲೆ ಯಾವ ಕಾರಣಕ್ಕೂ ಕವಾಟವನ್ನಾಗಲಿ ಬಿರಡೆಯನ್ನಾಗಲಿ ಇಡಕೂಡದು. ಬಚ್ಚಲಿನಲ್ಲಿಯೂ ಎಚ್ಚರ ಬೇಕು. 60 ಡಿಗ್ರಿಯ ನೀರು ಕೆಲವೇ ಕ್ಷಣಗಳಲ್ಲಿ ಚರ್ಮವನ್ನು ಸುಡಬಲ್ಲದು. ಮಕ್ಕಳಿರುವ ಮನೆಯಲ್ಲಿ ಬಕೀಟಿಗೆ ಮೊದಲು ತಣ್ಣೀರನ್ನು ಬಿಟ್ಟು ಆಮೇಲೆ ಬಿಸಿನೀರನ್ನು ಬೆರೆಸುವ ಅಭ್ಯಾಸ ಒಳ್ಳೆಯದು.

ಕೊಳವೆಬಾವಿಯ ಗಡಸು ನೀರು ಇನ್ನೊಂದು ತೊಂದರೆ. ಕಾದಾಗ ಅದರಲ್ಲಿ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟು ಒಡೆದು, ಕರಗದ ಕಾರ್ಬೊನೇಟಾಗಿ ಕೊಳವೆಗಳ ಒಳಮೈಗೆ ಅಂಟಿಕೊಳ್ಳುತ್ತದೆ. ನಮ್ಮ ಹಳೆಯ ಹಂಡೆಗಳ ಒಳಗೆ ಕಾಣುವ ಬಿಳಿಯ ಪದರವೂ ಇದೇ. ಅನುಕೂಲವಿದ್ದರೆ ಮಳೆನೀರನ್ನು ಬಳಸುವುದು ಲೇಸು.

ಆ ಹೀಟರು ಈಗ ವಿದ್ಯಾರ್ಥಿಯ ಮನೆಯ ಮಾಡಿನ ಪಕ್ಕದಲ್ಲಿ ಕಲ್ಲಿನ ಕಟ್ಟೆಯ ಮೇಲೆ ನಿಂತಿದೆ. ಮೊದಲ ದಿನ ಅಜ್ಜಿ ನಸುಕಿನಲ್ಲಿ ಬಕೀಟಿಗೆ ಕೈಯದ್ದಿ ನೋಡಿ, “ಒಲೆಗೆ ಯಾರೋ ಉರಿ ಹಾಕಿದವರು?” ಎಂದು ಮೊಮ್ಮಗನನ್ನು ಗದರಿಸಿದರಂತೆ. ಮಳೆಗಾಲದಲ್ಲಿ ಸೂರ್ಯನು ವಾರಗಟ್ಟಲೆ ಮೋಡದಲ್ಲಿ ಮರೆಯಾದಾಗ ಹಂಡೆಯ ಒಲೆಯನ್ನು ಮತ್ತೆ ಹೊತ್ತಿಸಬೇಕಾಗುತ್ತದೆ. ಆಗ ಒಲೆಯ ಮುಂದೆ ಕೂರುವವನು ಮೊಮ್ಮಗ.

ಈ ಕೆಲಸಕ್ಕೆ ಕೈಹಾಕುವ ವಿದ್ಯಾರ್ಥಿಗಳಿಗೆ ಒಂದು ಸಲಹೆ. ಒಂದು ಉಷ್ಣತಾಮಾಪಕವನ್ನೂ ಒಂದು ಪುಸ್ತಕವನ್ನೂ ತೊಟ್ಟಿಯ ಬಳಿ ಇಟ್ಟುಕೊಳ್ಳಿರಿ. ಬೆಳಗಿನ ಆರಕ್ಕೂ ಸಂಜೆಯ ನಾಲ್ಕಕ್ಕೂ ನೀರಿನ ಉಷ್ಣತೆಯನ್ನು ಬರೆದಿಡಿರಿ. ಬೆಳಗಿನಿಂದ ಸಂಜೆಗೆ ಏರಿಕೆ ಕಡಮೆಯಾದರೆ ದೋಷವು ಗಾಜಿನಲ್ಲಿ, ತಗಡಿನಲ್ಲಿ ಅಥವಾ ಕೊಳವೆಯಲ್ಲಿ ಸಿಕ್ಕಿದ ಗಾಳಿಯಲ್ಲಿದೆ. ಸಂಜೆಯಿಂದ ಬೆಳಗಿಗೆ ಇಳಿಕೆ ಹೆಚ್ಚಾದರೆ ದೋಷವು ಹೊದಿಕೆಯಲ್ಲಿ ಅಥವಾ ತೊಟ್ಟಿಯ ಎತ್ತರದಲ್ಲಿದೆ. ನಾವು ಎರಡು ದಿನಗಳನ್ನು ಹೊದಿಕೆ ಸುತ್ತುವುದರಲ್ಲಿ ಕಳೆದೆವು. ಆ ಸಣ್ಣ ಲೆಕ್ಕವನ್ನು ಮೊದಲೇ ಮಾಡಿದ್ದರೆ ಕಳೆಯಬೇಕಾಗಿರಲಿಲ್ಲ.